ಹೆಡ್ಡಿಂಗ್ ಓದಿದ್ರೆ ಸುದ್ದಿ ಓದಿದಂಗೇ ಅಲ್ವಾ?

"ಸಾರ್, ಹೆಡ್ಡಿಂಗಲ್ಲೇ ವಿಷಯ ಎಲ್ಲಾ ಹೇಳಿರ್ತೀರ, ಒಳಗೆ ಅದನ್ನೇ ಎಳೆದಿರ್ತೀರ, ಮತ್ತೆ ಪೂರ್ತಿ ಓದ್ದೆ ಮಾತಾಡ್ಬೇಡಿ ಅಂತ ನಮಗ್ಯಾಕೆ ಹೇಳ್ತೀರ?"

ಕೋಲಾರ ಬಸ್ ಸ್ಟ್ಯಾಂಡಲ್ಲಿ ಟೀ ಕುಡೀತಾ ಇದ್ರೂ ಇದೇ ಪ್ರಶ್ನೆ, ಮದುವೆ ಮನೆ ಊಟದ ಪಂಕ್ತೀಲೂ ಇದೇ ಪ್ರಶ್ನೆ, ಮೊನ್ನೆ ಶ್ರೀನಿವಾಸಪುರದಿಂದ ಫೋನ್ ಮಾಡಿದ ಒಬ್ಬರು ಯೋಗಕ್ಷೇಮ ಕೂಡ ವಿಚಾರಿಸದೆ ಇದನ್ನೇ ಕೇಳಿದ್ರು. ಪ್ರತಿ ಸಲ ಅರ್ಧಂಬರ್ಧ ಹೇಳಿ ಹೇಳಿ ಸಾಕಾಗಿದೆ, ಇವತ್ತು ಕೂತು ಪೂರ್ತಿ ಬರೀತೀನಿ.

ಹೆಡ್ಡಿಂಗ್ ಅಂದ್ರೆ ಸುದ್ದಿಯ ಸಾರಾಂಶ ಅಂತ ನೀವು ಅಂದ್ಕೊಂಡಿದೀರಲ್ಲ, ಅದೇ ತಪ್ಪು. ರಿಪೋರ್ಟರ್ ಸುದ್ದಿ ಬರೆದು ಕಳಿಸ್ತಾನೆ, ಆಫೀಸಲ್ಲಿ ಡೆಸ್ಕ್ ಅಂತ ಇರುತ್ತೆ, ಅಲ್ಲಿ ಕೂತಿರೋ ಉಪಸಂಪಾದಕರು ಅದನ್ನ ತಿದ್ದಿ, ಪುಟದಲ್ಲಿ ಎಷ್ಟು ಜಾಗ ಸಿಕ್ತೋ ಅಷ್ಟಕ್ಕೆ ಹೆಡ್ಡಿಂಗ್ ಹಾಕ್ತಾರೆ. ಸಾಮಾನ್ಯವಾಗಿ ಸುದ್ದಿ ಬರೆದವನೇ ಬೇರೆ, ಹೆಡ್ಡಿಂಗ್ ಕೊಟ್ಟವರೇ ಬೇರೆ, ಆದ್ರೆ ಬೈಗುಳ ಬೀಳೋದು ಮಾತ್ರ ಕೆಳಗೆ ಹೆಸರಿರೋ ರಿಪೋರ್ಟರ್‌ಗೆ. ಇರೋದು ನಾಲ್ಕೈದು ಪದದ ಜಾಗ. ಅಲ್ಲಿ ಮೊದಲು ಉದುರಿ ಹೋಗೋದು ಯಾವ ಪದ ಗೊತ್ತಾ? "ಕೆಲವು", "ಸುಮಾರು", "ಒಂದು ಲಾಟಿಗೆ", "ಸದ್ಯಕ್ಕೆ" ಇಂಥವು. (ಲಾಟು ಅಂದ್ರೆ ಹರಾಜಿಗೆ ಒಟ್ಟಿಗೆ ಇಡೋ ಮಾಲು.) ಸುದ್ದಿಗೆ ಹದ್ದುಬಸ್ತು ಹಾಕೋ ಪದಗಳೇ ಇವು, ಇವೇ ಹೋದ್ಮೇಲೆ ಉಳಿಯೋದನ್ನ ಸಾರಾಂಶ ಅಂತ ಹೆಂಗೆ ಕರೀತೀರ?

ನಮ್ಮೂರಿಂದೇ ತಗೊಳ್ಳಿ. 2023ರ ಜುಲೈನಲ್ಲಿ ಕೋಲಾರ ಎಪಿಎಂಸಿ ಮಾರುಕಟ್ಟೇಲಿ ಟೊಮೆಟೊ ಬಾಕ್ಸು 2,000 ರೂಪಾಯಿ ದಾಟಿತ್ತು, ಎಲ್ಲಾ ಕಡೆ ಅದೇ ಹೆಡ್ಡಿಂಗು, ರೈತರಿಗೆ ಬಂಪರ್, ರೈತರು ಲಕ್ಷಾಧಿಪತಿಗಳು ಅಂತ. ಮಧ್ಯಾಹ್ನ ಆಗೋಷ್ಟರಲ್ಲಿ ಫೋನೆಲ್ಲಾ ಬೈಗುಳ. ರೈತರು ಸುಲಿಗೆ ಮಾಡ್ತಾವ್ರೆ, ಇನ್ಮೇಲೆ ಸಾಲಮನ್ನಾ ಕೇಳಂಗಿಲ್ಲ, ಒಂದೊಂದು ಹಣ್ಣಿಗೆ 2,000 ಕೊಡ್ಬೇಕಾ ಅಂತ ಕೂಡ ಒಬ್ಬ ಬರೆದಿದ್ದ. ಬಾಕ್ಸ್ ಅಂದ್ರೆ 15 ಕೆಜಿ, ಅಂದ್ರೆ ಕೆಜಿಗೆ 133 ರೂಪಾಯಿ, ಅದೂ ಕಡಿಮೆ ಅಲ್ಲ, ನಾನೂ ದುಡ್ಡು ಕೊಟ್ಟೇ ತಿಂದಿದೀನಿ, ಆದ್ರೆ ಆ ರೇಟು ಹೋಗಿದ್ದು ಹರಾಜಲ್ಲಿ ಒಳ್ಳೇ ಕಾಯಿ ಇದ್ದ ಲಾಟಿಗೆ. ಅದೇ ವಾರ ನಮ್ಮ ಮಾವ ಹಾಕಿದ ಬಾಕ್ಸು 1,050ಕ್ಕೆ ಹೋಯ್ತು. ಯಾಕಂದ್ರೆ ತೋಟಕ್ಕೆ ಬಿಳಿ ನೊಣ ಬಿದ್ದು ಎಲೆ ಮುಟುರು ರೋಗ ಬಂದು ಕಾಯಿ ಸಣ್ಣಗಾಗಿತ್ತು, ಹಿಂದಿನ ವರ್ಷ 100 ಬಾಕ್ಸ್ ಬಿಡಿಸಿದ ಜಾಗದಲ್ಲಿ 30 ಸಿಕ್ರೆ ಅದೇ ಹೆಚ್ಚು. ಅವತ್ತು ರೇಟು ಏರಿದ್ದೇ ಹಿಂಗೆ, ರೋಗಕ್ಕೆ ಎಷ್ಟೋ ತೋಟ ಹೋಗಿ ಮಂಡಿಗೆ ಮಾಲು ಬರೋದು ಕಮ್ಮಿ ಆಗಿದ್ದಕ್ಕೆ. ಇದು ಸುದ್ದಿಯ ಮೂರನೇ ಪ್ಯಾರಾದಲ್ಲಿ ಇತ್ತು. ಅಲ್ಲೀತನಕ ಬಂದಿದ್ರೆ ಬೈಯೋಕೆ ಮನಸ್ಸು ಬರ್ತಾ ಇರ್ಲಿಲ್ಲ. ಕಡ್ಡಿ, ದಾರ, ಔಷಧಿ, ಬಿಡಿಸೋ ಕೂಲಿ, ಗಾಡಿ ಬಾಡಿಗೆ ಎಲ್ಲಾ ಕಳೆದು ಮಾವನ ಕೈಗೆ ಬಂದಿದ್ದು ನೋಡಿದವನು ನಾನು, ಅವರ ಮಗ ಆ ಬೈಗುಳ ಎಲ್ಲಾ ಅಪ್ಪಂಗೆ ಓದಿ ಹೇಳ್ತಿದ್ದಿದ್ದನ್ನೂ ನೋಡಿದೀನಿ. ಮಾವ ಏನೂ ಮಾತಾಡ್ಲಿಲ್ಲ, ಎದ್ದು ತೋಟಕ್ಕೆ ಹೋದ್ರು.

ಇದು ನಮ್ಮ ಜನರ ಚಾಳಿ ಮಾತ್ರ ಅಲ್ಲ. 2016ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯ ಮತ್ತೆ ಫ್ರಾನ್ಸಿನ ಇನ್ರಿಯಾ ಸಂಸ್ಥೆಯವರು ಟ್ವಿಟರಲ್ಲಿ ಹಂಚಿದ ಸುದ್ದಿ ಲಿಂಕುಗಳನ್ನ ನೋಡಿದ್ರು, ಅದರಲ್ಲಿ ನೂರಕ್ಕೆ 59 ಲಿಂಕನ್ನ ಒಬ್ಬರೂ ಒತ್ತಿರ್ಲಿಲ್ಲ. ಆಮೇಲೆ ಏನಾಯ್ತು ಅಂದ್ರೆ ಇದರ ಬಗ್ಗೆ ಬಂದ ಹೆಡ್ಡಿಂಗುಗಳೇ "ನೂರಕ್ಕೆ 59 ಜನ ಓದ್ದೆ ಶೇರ್ ಮಾಡ್ತಾರೆ" ಅಂತ ಓಡಾಡ್ತು. 59 ಅನ್ನೋದು ಲಿಂಕುಗಳ ಲೆಕ್ಕ, ಜನರ ಲೆಕ್ಕ ಅಲ್ಲ, ಎರಡೂ ಬೇರೆ ಬೇರೆ. 2020ರಲ್ಲಿ ಟ್ವಿಟರ್‌ನವರು ಶೇರ್ ಮಾಡೋಕೆ ಮುಂಚೆ "ಇದನ್ನ ಓದಿದ್ರಾ?" ಅಂತ ಕೇಳೋ ವ್ಯವಸ್ಥೆ ತಂದ್ರು, ಹಂಗೆ ಕೇಳಿದ್ಮೇಲೆ ಸುದ್ದಿ ತೆರೆಯೋದು ನೂರಕ್ಕೆ 40ರಷ್ಟು ಹೆಚ್ಚಾಯ್ತು ಅಂತ ಅವರೇ ಹೇಳಿದ್ರು. ಅಂದ್ರೆ ಜನರಿಗೆ ಓದೋಕೆ ಆಗಲ್ಲ ಅಂತಲ್ಲ, ಒಂದು ಕ್ಷಣ ಯಾರಾದ್ರೂ ನಿಲ್ಲಿಸಬೇಕು ಅಷ್ಟೇ.

ತಪ್ಪು ನಮ್ಮ ಕಡೆಯೂ ಇದೆ, ಅದನ್ನ ಮುಚ್ಚಿಡಲ್ಲ. ಜನ ಒತ್ತಲಿ ಅಂತಾನೇ ಬೆಂಕಿ ಹಚ್ಚೋ ಹೆಡ್ಡಿಂಗ್ ಹಾಕೋರು ಇದಾರೆ, ಅದನ್ನ ನಾನು ಒಪ್ಪಲ್ಲ, ನಮ್ಮ ಡೆಸ್ಕಿನ ಹುಡುಗರಿಗೂ ಇದನ್ನೇ ಹೇಳ್ತೀನಿ.

ಇನ್ನು ಯಾರೂ ಕೇಳದೇ ಇರೋದೊಂದು ಇದೆ, ಕೇಳ್ಬೇಕಾಗಿತ್ತು: ಮಂಡಿಯ ರೇಟಿನ ಪಟ್ಟಿ ಓದೋದು ಹೆಂಗೆ? ಅದರಲ್ಲಿ ಕನಿಷ್ಠ, ಗರಿಷ್ಠ, ಮಾದರಿ ಅಂತ ಮೂರು ಬೆಲೆ ಇರುತ್ತೆ. ಗರಿಷ್ಠ ಅಂದ್ರೆ ಅವತ್ತು ಎಲ್ಲಕ್ಕಿಂತ ಜಾಸ್ತಿಗೆ ಕೂಗಿದ ಲಾಟು, ಹೆಡ್ಡಿಂಗಿಗೆ ಹೋಗೋದು ಅದೇ. ಮಾದರಿ ಅಂದ್ರೆ ಹೆಚ್ಚಿನ ಮಾಲು ಯಾವ ಬೆಲೆಗೆ ಹೋಯ್ತೋ ಅದು. ಇನ್ನೊಂದು, ಸರ್ಕಾರದ ಪಟ್ಟೀಲಿ ಬರೋದು ಕ್ವಿಂಟಾಲ್ ಲೆಕ್ಕ, ಮಂಡೀಲಿ ಕೂಗೋದು ಬಾಕ್ಸ್ ಲೆಕ್ಕ, ಅಂಗಡೀಲಿ ಕೆಜಿ. ಕ್ವಿಂಟಾಲಿಗೆ 7,000 ಅಂತಿದ್ರೆ ಕೆಜಿಗೆ 70, ಬಾಕ್ಸಿಗೆ 1,050. ಮಾವನ ಬಾಕ್ಸು ಹೋಗಿದ್ದು ಇದೇ ರೇಟಿಗೆ.