ವಿಳಾಸದಲ್ಲೊಂದು ಒಂಟಿ %

ಹುಡುಕುವ ಪೆಟ್ಟಿಗೆಯಲ್ಲಿ ‘ರಿಯಾಯಿತಿ’ ಎಂದು ಬರೆದರೆ ಫಲಿತಾಂಶ ಸರಿಯಾಗಿ ಬರುತ್ತದೆ. ‘50% ರಿಯಾಯಿತಿ’ ಎಂದರೆ ಮಾತ್ರ 500 ಎಂಬ ದೋಷ. ಕಿತಾಪತಿ ಆ % ಚಿಹ್ನೆಯದು.

ವೆಬ್ ವಿಳಾಸದಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ, ಕೆಲವು ಚಿಹ್ನೆ ಬಿಟ್ಟರೆ ಉಳಿದದ್ದು ಇದ್ದ ಹಾಗೇ ಹೋಗುವಂತಿಲ್ಲ. ಅದನ್ನು ಬೈಟುಗಳಾಗಿ ಒಡೆದು, ಪ್ರತಿ ಬೈಟಿಗೂ ಒಂದು %, ಅದರ ನಂತರ ಹದಿನಾರರ ಎಣಿಕೆಯ ಎರಡು ಅಂಕಿ ಬರೆಯಬೇಕು. ಖಾಲಿ ಜಾಗಕ್ಕೆ %20, % ಚಿಹ್ನೆಗೇ %25. ಯುಟಿಎಫ್-8 ಎಂಬ ಅಕ್ಷರ ಸಂಕೇತ ಪದ್ಧತಿಯಲ್ಲಿ ‘ಕ’ ಎಂದರೆ ಮೂರು ಬೈಟು: 224, 178, 149. ‘ಕನ್ನಡ’ದಲ್ಲಿ ಒತ್ತಿನ ಗುರುತೂ ಸೇರಿ ಐದು ಸಂಕೇತಗಳಿವೆ; 15 ಬೈಟು, ವಿಳಾಸದಲ್ಲಿ 45 ಅಕ್ಷರ! ಇಂಥ ಕೊಂಡಿಯನ್ನು ಎಲ್ಲೋ ಕಣ್ಣುಮುಚ್ಚಿ ಕತ್ತರಿಸಿದರೆ ಒಂಬತ್ತರಲ್ಲಿ ಎಂಟು ಸಲ ಕತ್ತರಿ ಬೀಳುವುದು ಒಂದು ಸಂಕೇತದ ನಡುವೆ.

ಮೇಲಿನ ಹುಡುಕಾಟದಲ್ಲಿ ಬ್ರೌಸರ್ ತಪ್ಪು ಮಾಡಿಲ್ಲ, ‘50%25’ ಎಂದೇ ಕಳಿಸಿದೆ. ಸರ್ವರಿನ ಫ್ರೇಮ್‌ವರ್ಕ್ (ಸಿದ್ಧ ಕೋಡ್‌ನ ಚೌಕಟ್ಟು) ಅದನ್ನು ಬಿಡಿಸಿ ‘50%’ ಎಂದು ಕೈಗಿತ್ತಿದೆ. ಪ್ರೋಗ್ರಾಮರ್ ‘ಇರಲಿ’ ಎಂದು ಇನ್ನೊಮ್ಮೆ ಡಿಕೋಡ್ ಮಾಡುತ್ತಾರೆ. ಈಗ % ನಂತರ ಅಂಕಿಗಳಿಲ್ಲ, ಖಾಲಿ ಜಾಗವಿದೆ. ಜಾವಾಸ್ಕ್ರಿಪ್ಟ್ ‘ಯುಆರ್‌ಐ ಎರರ್’ ಎಸೆಯುತ್ತದೆ. ಅಲ್ಲಿ ಟ್ರೈ-ಕ್ಯಾಚ್ (ದೋಷವನ್ನು ಹಿಡಿಯುವ ಕೋಡ್) ಹಾಕುವುದು ತೇಪೆ ಕೆಲಸ. ಎರಡನೇ ಡಿಕೋಡನ್ನು ಅಳಿಸುವುದೇ ಮದ್ದು. ಎರಡು ಸಲ ಬಿಡಿಸುವುದು ಭದ್ರತೆಗೂ ಕುತ್ತು: ಮೊದಲ ಸಲ ಬಿಡಿಸಿದ ಮೇಲೆ ತಪಾಸಣೆ ದಾಟಿಹೋದ ‘../’ (ಮೇಲಿನ ಫೋಲ್ಡರ್‌ಗೆ ಹೋಗು ಎಂಬ ಗುರುತು) ಎರಡನೇ ಸಲಕ್ಕೆ ನಿಜರೂಪ ತೋರುತ್ತದೆ.

ವಿಳಾಸವೇ ಮುರಿದು ಬಂದರೆ ಮಾತು ಬೇರೆ. ಎಕ್ಸ್‌ಪ್ರೆಸ್ ಎಂಬ ಜಾವಾಸ್ಕ್ರಿಪ್ಟ್ ಫ್ರೇಮ್‌ವರ್ಕ್‌ನಲ್ಲಿ ದಾರಿಯೊಳಗಿನ ನಿಯತಾಂಕಗಳು (‘/books/:id’ಯ id ಥರದವು) ನಿಮ್ಮ ಹ್ಯಾಂಡ್ಲರ್ (ಕೋರಿಕೆಗೆ ಉತ್ತರಿಸುವ ಫಂಕ್ಷನ್) ಓಡುವ ಮೊದಲೇ ಡಿಕೋಡ್ ಆಗುತ್ತವೆ. ಆದ್ದರಿಂದ ಹ್ಯಾಂಡ್ಲರ್ ಒಳಗಿನ ಟ್ರೈ-ಕ್ಯಾಚ್‌ಗೆ ಈ ದೋಷ ಸಿಗುವುದೇ ಇಲ್ಲ. ಎಲ್ಲ ರೂಟ್‌ಗಳ ನಂತರ, ನಾಲ್ಕು ಆರ್ಗ್ಯುಮೆಂಟ್‌ಗಳ ದೋಷನಿರ್ವಾಹಕ ಮಿಡಲ್‌ವೇರ್ (ನಡುವೆ ಓಡುವ ಫಂಕ್ಷನ್) ಇಡಬೇಕು. ದೋಷದ ಜೊತೆ 400 ಎಂಬ ಸ್ಟೇಟಸ್ ಅದಾಗಲೇ ಬಂದಿರುತ್ತದೆ. ಅದನ್ನು ನೋಡದೆ ಎಲ್ಲಕ್ಕೂ 500 ಕಳಿಸುವ ಕೋಡ್ ಬಹಳ ಕಡೆ ಇದೆ. 400 ಎಂದರೆ ಕೇಳಿದವರ ವಿಳಾಸ ತಪ್ಪು, 500 ಎಂದರೆ ನಮ್ಮ ಸರ್ವರ್ ಕೆಟ್ಟಿದೆ. ಇವೆರಡನ್ನು ಬೆರೆಸಿದರೆ ಯಾವುದೋ ಬಾಟ್ ಕಳಿಸಿದ ಕಸಕ್ಕೆ ನಡುರಾತ್ರಿ ಯಾರದೋ ಫೋನ್ ಬಡಿದುಕೊಳ್ಳುತ್ತದೆ.

ದೋಷದ ಪುಟದಲ್ಲಿ ಮುರಿದ ವಿಳಾಸವನ್ನು ತೋರಿಸಲೇಬೇಕೆಂದರೆ ಎಚ್‌ಟಿಎಂಎಲ್ ಎಸ್ಕೇಪ್ ಮಾಡಿ (‘<’ ಮುಂತಾದವು ಟ್ಯಾಗ್ ಆಗದಂತೆ ಬದಲಿಸಿ). ಮತ್ತೆ ಡಿಕೋಡ್ ಮಾಡಲು ಹೋದರೆ ದೋಷನಿರ್ವಾಹಕವೇ ಮುಗ್ಗರಿಸುತ್ತದೆ. ಲಾಗ್‌ನಲ್ಲಿ ಬಂದ ರೂಪದಲ್ಲೇ, ಉದ್ದಕ್ಕೊಂದು ಮಿತಿಯಿಟ್ಟು ಬರೆದರೆ ಸಾಕು.

ಪರೀಕ್ಷೆ ಸುಲಭ. ನಿಯತಾಂಕ ಇರುವ ಯಾವುದಾದರೂ ದಾರಿಯ ಕೊನೆಗೆ ಒಂಟಿ % ಹಾಕಿ ಕರ್ಲ್ ಎಂಬ ಆಜ್ಞಾಸಾಲಿನ ಉಪಕರಣದಿಂದ ಕೇಳಿ, 400 ಬರಬೇಕು. ಕೇಳುವಾಗ ಆ್ಯಪ್‌ನ ಪೋರ್ಟಿಗೇ ನೇರ ಹೋಗಿ; ಮುಂದೆ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಇದ್ದರೆ ಬಾಗಿಲಲ್ಲೇ ತಾನೇ 400 ಕೊಟ್ಟುಬಿಡಬಹುದು, ಒಳಗಿನ ಕೋಡ್‌ನ ಹುಳುಕು ಒಳಗೇ ಉಳಿದೀತು.