ಇಲಿ ಪಾಷಾಣಕ್ಕೆ ಮೊದಲು ಒಂದು ಟಾರ್ಚ್

ಇಲಿ ಕಾಟ ಅಂತ ಫೋನ್ ಮಾಡುವವರಲ್ಲಿ ಹೆಚ್ಚಿನವರು ಮೊದಲು ಕೇಳುವುದು ಒಂದೇ ಮಾತು: "ಸಾರ್, ಯಾವ ಔಷಧ ಹಾಕ್ತೀರಾ?" ನಾನು ಕೇಳುವುದು ಬೇರೆ. ಹಿಕ್ಕೆ ಎಲ್ಲಿ ಬಿದ್ದಿದೆ? ಎಷ್ಟು ದೊಡ್ಡದಿದೆ? ಹೊಳೆಯುತ್ತಿದೆಯಾ, ಬೂದಿ ಬಣ್ಣಕ್ಕೆ ತಿರುಗಿದೆಯಾ? ಔಷಧದ ವಿಚಾರ ಕೊನೆಗೆ. ಎಷ್ಟೋ ಮನೆಗಳಲ್ಲಿ ಅದರ ಅಗತ್ಯವೇ ಬೀಳುವುದಿಲ್ಲ.

ಬೆಂಗಳೂರಿನ ಮನೆಗಳಲ್ಲಿ ಸಾಮಾನ್ಯವಾಗಿ ಮೂರು ಬಗೆ ಸಿಗುತ್ತವೆ. ಮೊದಲನೆಯದು ಪುಟ್ಟ ಚಿಟ್ಟಿಲಿ. ಅಡುಗೆಮನೆಯ ಕಬೋರ್ಡು, ಗ್ಯಾಸ್ ಸ್ಟವ್ ಹಿಂಭಾಗ, ಫ್ರಿಜ್ ಅಡಿ ಇದರ ಜಾಗ. ಹಿಕ್ಕೆ ಜೀರಿಗೆಯಷ್ಟು, 3ರಿಂದ 6 ಮಿಲಿಮೀಟರ್. ಎರಡನೆಯದು ಮನೆ ಇಲಿ. ಬಾಲ ಮೈಗಿಂತ ಉದ್ದ, ಹತ್ತುವುದರಲ್ಲಿ ಬಲು ಚುರುಕು. ತೆಂಗಿನ ಮರ, ಕೇಬಲ್ಲು, ತಾರಸಿಯ ಪೈಪು ಹಿಡಿದು ಮೇಲಿಂದ ಬರುತ್ತದೆ. ಹಿಕ್ಕೆ ಒಂದು ಸೆಂಟಿಮೀಟರಿಗೆ ತುಸು ಹೆಚ್ಚು, ತುದಿ ಚೂಪು. ಮೂರನೆಯದು ಹೆಗ್ಗಣ. ಇದು ನೆಲ ಅಗೆಯುವ ಪ್ರಾಣಿ. ಮೋರಿ ಪಕ್ಕ, ಚೇಂಬರ್ ಸುತ್ತ, ಕಾಂಪೌಂಡ್ ಬುಡದಲ್ಲಿ ಬಿಲ ತೋಡುತ್ತದೆ. ಬಿಲದ ಬಾಯಲ್ಲಿ ಹೊಸ ಮಣ್ಣಿನ ಗುಡ್ಡೆ ಇದ್ದರೆ ಅಲ್ಲಿ ಅದು ವಾಸ ಇದೆ ಅಂತಲೇ ಅರ್ಥ.

ಯಾವುದು ಅಂತ ಗೊತ್ತಾದರೆ ಎಲ್ಲಿ ಹುಡುಕಬೇಕು ಅಂತಲೂ ಗೊತ್ತಾಗುತ್ತದೆ. ಅಟ್ಟದಲ್ಲಿ ಓಡಾಡುವ ಇಲಿಗೆ ಗೇಟಿನ ಹತ್ತಿರ ಬೋನಿಟ್ಟರೆ ಏನೂ ಸಿಗದು. ಹೆಗ್ಗಣವನ್ನು ಹುಡುಕಿಕೊಂಡು ಫಾಲ್ಸ್ ಸೀಲಿಂಗ್ ಬಿಚ್ಚಿಸಿದವರೂ ಇದ್ದಾರೆ, ಪಾಪ. ಇನ್ನೊಂದು ಮಾತು. ಚೂಪು ಮೂತಿಯ ಸೊಂಡಿಲಿ ಚಿಕ್ ಚಿಕ್ ಅನ್ನುತ್ತಾ ಗೋಡೆ ಬದಿಗೇ ಓಡುತ್ತದೆ. ಅದು ಇಲಿಯೇ ಅಲ್ಲ. ಜಿರಳೆ, ಹುಳು ತಿಂದು ಬದುಕುತ್ತದೆ. ವಾಸನೆ ಇದೆ ನಿಜ, ಆದರೆ ದಯವಿಟ್ಟು ಅದನ್ನು ಹೊಡೆಯಬೇಡಿ.

ಇಲಿ ಈಗ ಇದೆಯೋ, ಹಿಂದೆ ಬಂದು ಹೋಗಿದೆಯೋ? ತಾಜಾ ಹಿಕ್ಕೆ ಕಪ್ಪಗೆ ಹೊಳೆಯುತ್ತದೆ, ಮೆತ್ತಗಿರುತ್ತದೆ. ಹಳೆಯದು ಬೂದು ಬಣ್ಣ, ಒತ್ತಿದರೆ ಪುಡಿ. ಇಲಿ ದಿನಾ ಒಂದೇ ದಾರಿಯಲ್ಲಿ ಗೋಡೆಗೆ ಮೈ ಒರೆಸಿಕೊಂಡು ಹೋಗುತ್ತದೆ. ಆ ದಾರಿಯಲ್ಲಿ ಜಿಡ್ಡುಜಿಡ್ಡಾದ ಕಪ್ಪು ಗೆರೆ ಬೀಳುತ್ತದೆ. ಆದರೂ ಅನುಮಾನ ಇದ್ದರೆ ರಾತ್ರಿ ಮಲಗುವ ಮುಂಚೆ ಗೋಡೆಯಂಚಿಗೆ ರಂಗೋಲಿ ಪುಡಿ ತೆಳುವಾಗಿ ಉದುರಿಸಿ. ಬೆಳಿಗ್ಗೆ ಕಾಲಿನ ಗುರುತು, ಬಾಲ ಎಳೆದ ಗೆರೆ ಕಾಣುತ್ತದೆ, ಬಂದ ದಿಕ್ಕೂ ಸಿಗುತ್ತದೆ. ಬಿಲಗಳಿಗೂ ಇಂಥದ್ದೇ ಉಪಾಯ ಇದೆ. ಸಂಜೆ ಬಾಯಿಗೆ ನ್ಯೂಸ್‌ಪೇಪರ್ ಉಂಡೆ ತುರುಕಿ ಮಣ್ಣು ಹಾಕಿ. ಬೆಳಿಗ್ಗೆ ಅದು ತೆರೆದಿದ್ದರೆ ಒಳಗೆ ಹೆಗ್ಗಣ ಇದೆ.

ಈಗ ಟಾರ್ಚ್ ಹಿಡಿದು ಮನೆ ಸುತ್ತ ಒಂದು ಸುತ್ತು ಬನ್ನಿ. ನನ್ನ ಕೆಲಸದ ಬಹುಪಾಲು ಇದೇ. ಚಿಟ್ಟಿಲಿ ಒಳಗೆ ಬರಲು 6 ಮಿಲಿಮೀಟರ್ ಸಂದು ಸಾಕು, ಮರಿ ಇಲಿಗೆ ಅರ್ಧ ಇಂಚು. ಯುಟಿಲಿಟಿ ಬಾಗಿಲಿನ ಅಡಿ, ಎಸಿ ಪೈಪ್ ಹಾಯಿಸಲು ಕೊರೆದು ಹಾಗೇ ಬಿಟ್ಟ ತೂತು, ಗ್ಯಾಸ್ ಪೈಪಿನ ಸುತ್ತ, ಸಿಂಕ್ ಕೆಳಗೆ ಪೈಪು ನೆಲಕ್ಕಿಳಿಯುವ ಜಾಗ, ಬಚ್ಚಲಿನ ಮುರಿದ ಜಾಲರಿ, ಎಕ್ಸಾಸ್ಟ್ ಫ್ಯಾನಿನ ಕಿಂಡಿ. ನಮ್ಮ ಮನೆಗಳಲ್ಲಿ ದಾರಿ ಇರುವುದು ಹೆಚ್ಚಾಗಿ ಇಲ್ಲೇ. ಹೊಸ ಅಪಾರ್ಟ್‌ಮೆಂಟುಗಳೂ ಇದರಿಂದ ಹೊರತಲ್ಲ. ಪ್ಲಂಬರ್, ಎಲೆಕ್ಟ್ರಿಷಿಯನ್ ಕೊರೆದ ತೂತನ್ನು ಮುಚ್ಚುವ ಜವಾಬ್ದಾರಿ ಯಾರದ್ದೂ ಆಗಿರುವುದಿಲ್ಲ. ಇದು ನನಗೆ ನಿಜಕ್ಕೂ ಸಿಟ್ಟು ಬರಿಸುವ ವಿಷಯ.

ಮುಚ್ಚುವಾಗ ಬಟ್ಟೆ, ಥರ್ಮಾಕೋಲ್, ಬರೀ ಫೋಮ್ ಬೇಡ. ಒಂದೇ ರಾತ್ರಿಯಲ್ಲಿ ಕಡಿದು ಹಾಕುತ್ತದೆ. ಇಲಿಯ ಮುಂದಿನ ಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತದೆ, ಹಾಗಾಗಿ ಅದು ಕಡಿಯುತ್ತಲೇ ಇರಬೇಕು. ಸಣ್ಣ ಸಂದಿಗೆ ಪಾತ್ರೆ ತಿಕ್ಕುವ ಸ್ಟೀಲ್ ನಾರು ಬಿಗಿಯಾಗಿ ತುರುಕಿ ಮೇಲೆ ಸಿಮೆಂಟ್ ಹಾಕಿಸಿ. ಕಿಂಡಿಗಳಿಗೆ 6 ಮಿಲಿಮೀಟರಿಗಿಂತ ಚಿಕ್ಕ ಕಣ್ಣಿನ ಕಬ್ಬಿಣದ ಜಾಲರಿ. ನೈಲಾನ್ ಸೊಳ್ಳೆ ಪರದೆ ಇಲಿಯನ್ನು ತಡೆಯುವುದಿಲ್ಲ. ಬಾಗಿಲ ಅಡಿಗೆ ತಗಡಿನ ಪಟ್ಟಿ ಹೊಡೆಸಿ. ಮರದ ಕೊಂಬೆ ತಾರಸಿಯಿಂದ ಮೂರು ಅಡಿಯಾದರೂ ದೂರ ಇರಲಿ.

ಆಮೇಲೆ ಊಟದ ಪ್ರಶ್ನೆ. ಬೆಳಿಗ್ಗೆ ಕಸದ ಆಟೋ ಬರುತ್ತದೆ ಅಂತ ರಾತ್ರಿಯೇ ಹಸಿ ಕಸವನ್ನು ಗೇಟಿನ ಹೊರಗೆ ಇಡುವುದು, ತಾರಸಿಯಲ್ಲಿ ಪಾರಿವಾಳಕ್ಕೆ ಕಾಳು ಹಾಕುವುದು, ನಾಯಿಯ ತಟ್ಟೆಯಲ್ಲಿ ಅನ್ನ ಉಳಿಸುವುದು, ಅಕ್ಕಿ ರಾಗಿ ಮೂಟೆಯನ್ನು ಗೋಡೆಗೆ ಒರಗಿಸುವುದು. ಇವೆಲ್ಲ ನಿಲ್ಲಬೇಕು. ಇಲಿಯ ಗರ್ಭ ಮೂರು ವಾರದ್ದು, ಮರಿಗಳು ಎರಡು ಮೂರು ತಿಂಗಳಿಗೆ ತಾವೇ ಮರಿ ಹಾಕುತ್ತವೆ. ಊಟ ಸಿಗುತ್ತಿರುವವರೆಗೆ ಬೋನಿಗೆ ಬಿದ್ದಷ್ಟೂ ಹೊಸದು ಬರುತ್ತಲೇ ಇರುತ್ತದೆ. ಪಕ್ಕದ ಸೈಟಿನಲ್ಲಿ ಹಳೇ ಮನೆ ಕೆಡವಿದಾಗ, ಜೋರು ಮಳೆಗೆ ಬಿಲಕ್ಕೆ ನೀರು ನುಗ್ಗಿದಾಗ ಕಾಟ ಜಾಸ್ತಿಯಾಗುತ್ತದೆ. ಮೇ ತಿಂಗಳೊಳಗೆ ಸಂದಿಗಳನ್ನು ಮುಚ್ಚಿಸಿಕೊಳ್ಳಿ.

ಒಳಗಿರುವ ಇಲಿಗೆ ಬೋನೇ ನನ್ನ ಆಯ್ಕೆ. ಇಲಿಗೆ ಹೊಸ ವಸ್ತು ಕಂಡರೆ ಅನುಮಾನ. ಅದಕ್ಕೇ ಎರಡು ಮೂರು ದಿನ ಬೋನಿನ ಬಾಗಿಲು ಬೀಳದಂತೆ ಕಟ್ಟಿ, ಬರೀ ಕೊಬ್ಬರಿ ಚೂರೋ ಕಡಲೆಕಾಯಿಯೋ ಇಡಿ. ತಿನ್ನಲು ಶುರುಮಾಡಿದ ಮೇಲೆ ಬಿಚ್ಚಿ. ಜಾಗ ಗೋಡೆಯಂಚಿಗೇ ಇರಬೇಕು. ಅಂಟಿನ ಹಲಗೆ ನಾನು ಬಳಸುವುದಿಲ್ಲ. ಅದರ ಮೇಲೆ ಇಲಿ ಗಂಟೆಗಟ್ಟಲೆ ನರಳಿ ಸಾಯುತ್ತದೆ, ಹಲ್ಲಿ, ಗುಬ್ಬಚ್ಚಿ ಕೂಡ ಸಿಕ್ಕಿಕೊಳ್ಳುತ್ತವೆ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯೂ ಅದನ್ನು ತಡೆಯಿರಿ ಎಂದು ರಾಜ್ಯಗಳಿಗೆ ಹೇಳಿದೆ. ಸದ್ದು ಮಾಡಿ ಓಡಿಸುವ ಪ್ಲಗ್ ಯಂತ್ರಕ್ಕೆ ದುಡ್ಡು ಹಾಕಬೇಡಿ. ಅದರ ಶಬ್ದ ಗೋಡೆ, ಬೀರು ದಾಟುವುದಿಲ್ಲ. ಇಲಿ ಕೆಲವೇ ದಿನಗಳಲ್ಲಿ ಅದಕ್ಕೆ ಒಗ್ಗಿಕೊಳ್ಳುತ್ತದೆ.

1898ರಲ್ಲಿ ಈ ಊರಿಗೆ ಪ್ಲೇಗ್ ಬಂದಿತ್ತು. ಇಲಿಯ ಮೈಮೇಲಿನ ಚಿಗಟ ಹರಡುವ ರೋಗ ಅದು. ಪ್ಲೇಗ್ ಮಾರಮ್ಮನ ಗುಡಿಗಳು ಈಗಲೂ ಇವೆ. ಇಂದಿನ ಚಿಂತೆ ಇಲಿ ಜ್ವರ, ಅಂದರೆ ಲೆಪ್ಟೊಸ್ಪೈರೋಸಿಸ್. ಇಲಿಯ ಮೂತ್ರ ಬೆರೆತ ನೀರು ಕಾಲಿನ ಗಾಯಕ್ಕೆ ತಾಗಿದರೆ ಸಾಕು. ಮಳೆನೀರಿನಲ್ಲಿ ಬರಿಗಾಲಲ್ಲಿ ನಡೆದು ಜ್ವರ, ಮೀನಖಂಡದ ನೋವು ಬಂದರೆ ಮಳೆನೀರಿನ ವಿಷಯವನ್ನೂ ವೈದ್ಯರಿಗೆ ಹೇಳಿ. ಹಿಕ್ಕೆಯನ್ನು ಒಣಗಿದ್ದಾಗ ಗುಡಿಸಬೇಡಿ. ಬ್ಲೀಚಿಂಗ್ ನೀರು ಚಿಮುಕಿಸಿ, ಸ್ವಲ್ಪ ಹೊತ್ತು ಬಿಟ್ಟು, ಗ್ಲೌಸ್ ಹಾಕಿಕೊಂಡು ಒರೆಸಿ.

ಪಾಷಾಣದ ಬಗ್ಗೆ ಕೈಮುಗಿದು ಹೇಳುತ್ತೇನೆ. ಹಳದಿ ರಂಜಕ ಇರುವ ಪೇಸ್ಟನ್ನು ಮನೆಗೆ ತರಲೇಬೇಡಿ. ಅದು ಲಿವರನ್ನೇ ಹಾಳು ಮಾಡುತ್ತದೆ, ಅದಕ್ಕೆ ಪ್ರತಿವಿಷ ಇಲ್ಲ. ಸತು ಫಾಸ್ಫೈಡ್ ಅನ್ನುವ ಇನ್ನೊಂದು ಇಲಿ ಪಾಷಾಣ ಒದ್ದೆಯಾದರೆ ವಿಷದ ಗಾಳಿ ಬಿಡುತ್ತದೆ. 2024ರ ಆಗಸ್ಟಿನಲ್ಲಿ ಬೆಂಗಳೂರಿನ ಒಂದು ಹಾಸ್ಟೆಲಿನಲ್ಲಿ ಇಲಿ ಔಷಧದಿಂದ ಉಸಿರಾಟದ ತೊಂದರೆಯಾಗಿ ವಿದ್ಯಾರ್ಥಿಗಳು ಆಸ್ಪತ್ರೆ ಸೇರಿದ್ದರು. ಅದೇ ವರ್ಷ ನವೆಂಬರಿನಲ್ಲಿ ಚೆನ್ನೈನಲ್ಲಿ ಮನೆಯೊಳಗೆ ಇಟ್ಟ ಇಲಿ ಔಷಧಕ್ಕೆ ಇಬ್ಬರು ಪುಟ್ಟ ಮಕ್ಕಳು ತೀರಿಕೊಂಡರು. ಬ್ರೊಮಾಡಿಯೊಲೋನ್ ಅನ್ನುವ ಇಲಿ ಔಷಧದ ಬಿಲ್ಲೆಗೆ ವಿಟಮಿನ್ ಕೆ ಪ್ರತಿವಿಷ ಇದೆ. ಆದರೂ ಅದು ಬೀಗ ಹಾಕಿದ ಡಬ್ಬಿಯಲ್ಲಿ, ಮನೆಯ ಹೊರಗಷ್ಟೇ ಇರಬೇಕು. ತಿಂದ ಇಲಿ ಸಾಯಲು ಕೆಲವು ದಿನ ಬೇಕು. ಅಷ್ಟರಲ್ಲಿ ಅದನ್ನು ಹಿಡಿದು ತಿನ್ನುವ ಗೂಬೆಗೂ ಬೆಕ್ಕಿಗೂ ವಿಷ ಏರುತ್ತದೆ.

ಪೆಸ್ಟ್ ಕಂಟ್ರೋಲ್‌ನವರನ್ನು ಕರೆಸಿದರೆ, ಬಂದವರು ಸಂದಿ ಹುಡುಕದೆ ನೇರ ಔಷಧ ಇಡಲು ಹೊರಟರೆ ತಡೆಯಿರಿ. ಏನನ್ನಾದರೂ ಇಡುವುದೇ ಆದರೆ ಅದರ ಹೆಸರು, ಎಲ್ಲೆಲ್ಲಿ ಎಷ್ಟು ಇಟ್ಟಿದ್ದಾರೆ ಅನ್ನುವುದನ್ನು ಬರೆಸಿಕೊಳ್ಳಿ. ಮಗು ಬಾಯಿಗೆ ಹಾಕಿಕೊಂಡ ದಿನ ಡಾಕ್ಟರು ಮೊದಲು ಕೇಳುವುದು ಆ ಹೆಸರನ್ನೇ.