ಎಡಗೈ ಕೆಲಸಕ್ಕೊಂದು ಯಂತ್ರ: ಕುದುರೆ ಎಳೆದ ಕೊಯ್ಲು ಯಂತ್ರ ಪಳಗಿದ ಬಗೆ

ಕುಡುಗೋಲಿನಲ್ಲಿ ಗೋಧಿ ಕೊಯ್ಯುವವರ ಬಲಗೈಗೆ ಇರುವುದು ಒಂದೇ ಕೆಲಸ, ಎಳೆದು ಕತ್ತರಿಸುವುದು. ಎಡಗೈಗೆ ಕೆಲಸ ಜಾಸ್ತಿ. ಪೈರನ್ನು ಬಳಸಿ ತನ್ನ ಕಡೆಗೆ ತಂದುಕೊಳ್ಳಬೇಕು, ಅಲಗು ಹಾಯುವಾಗ ದಂಟು ಬಾಗದಂತೆ ಬಿಗಿ ಹಿಡಿಯಬೇಕು, ಕೊಯ್ದದ್ದನ್ನು ತೆನೆಯೆಲ್ಲ ಒಂದೇ ಕಡೆ ಬರುವಂತೆ ಮಲಗಿಸಬೇಕು, ಕೊನೆಗೆ ಸಿವುಡು ಕಟ್ಟುವಾಗ ಬಲಗೈಗೆ ಜೊತೆ ಕೊಡಬೇಕು. ಹತ್ತೊಂಬತ್ತನೇ ಶತಮಾನದಲ್ಲಿ ಸ್ಕಾಟ್ಲೆಂಡ್ ಮತ್ತು ಅಮೆರಿಕದ ಕಮ್ಮಾರರು, ರೈತರು ಕುದುರೆ ಹೂಡಿದ ಕೊಯ್ಲು ಯಂತ್ರದ ಹಿಂದೆ ಬಿದ್ದಾಗ ಬಲಗೈಯ ಕೆಲಸ ಬೇಗ ಬಗೆಹರಿಯಿತು. ಎಡಗೈಯ ಕೆಲಸ ಪೂರ್ತಿ ಯಂತ್ರದ ಪಾಲಾಗಲು ಸುಮಾರು ಐವತ್ತು ವರ್ಷ ಹಿಡಿಯಿತು.

ಮೊದಮೊದಲು ಹೆಚ್ಚಿನವರಿಗೆ ಹೊಳೆದದ್ದು ತಿರುಗುವ ಅಲಗು. 1810ರ ದಶಕದಲ್ಲಿ ಸ್ಕಾಟ್ಲೆಂಡಿನ ಡೀನ್‌ಸ್ಟನ್‌ನ ಜೇಮ್ಸ್ ಸ್ಮಿತ್ ಒಂದು ಪೀಪಾಯಿಯಂಥ ಡ್ರಮ್ಮಿನ ಬುಡಕ್ಕೆ ದುಂಡನೆಯ ಅಲಗು ಕೂರಿಸಿ, ಕುದುರೆಗಳಿಂದ ಹಿಂದಿನಿಂದ ತಳ್ಳಿಸಿ ಪೈರು ಕೊಯ್ದು ತೋರಿಸಿದ. ಯಂತ್ರ ಕತ್ತರಿಸಿತು, ನಿಜ. ಆದರೆ ಹಿಡಿತವಿಲ್ಲದೆ ನಿಂತ ದಂಟನ್ನು ಬರೀ ಹೊಡೆತದಿಂದ ತುಂಡರಿಸಬೇಕಾದರೆ ಅಲಗು ಸೆಕೆಂಡಿಗೆ ಹತ್ತಾರು ಮೀಟರ್ ವೇಗದಲ್ಲಿ ಓಡಬೇಕು. ಕುದುರೆ ನಡೆಯುವುದು ಸೆಕೆಂಡಿಗೆ ಒಂದು ಮೀಟರಿನ ಆಸುಪಾಸು. ಮರದ ಚೌಕಟ್ಟು, ಎರಕದ ಹಲ್ಲುಚಕ್ರಗಳನ್ನು ನಂಬಿಕೊಂಡು ಅಷ್ಟು ವೇಗ ಎತ್ತುವುದು ಆಗಿನ ಕಾಲಕ್ಕೆ ಆಗದ ಮಾತು. ಅಲಗು ಸ್ವಲ್ಪ ಮೊಂಡಾದರೂ ದಂಟು ಕತ್ತರಿಸದೆ ಬಾಗಿ ಜಾರಿಕೊಳ್ಳುತ್ತಿತ್ತು.

ದಂಟಿಗೆ ಆಸರೆ ಕೊಟ್ಟರೆ ವೇಗ ಬೇಕಿಲ್ಲ. ಪ್ಯಾಟ್ರಿಕ್ ಬೆಲ್ ಇದನ್ನು ಅರಿತಿದ್ದ. ಸ್ಕಾಟ್ಲೆಂಡಿನ ಆಂಗಸ್ ಪ್ರಾಂತ್ಯದ ರೈತನ ಮಗ, ಪಾದ್ರಿಯಾಗಲು ಓದುತ್ತಿದ್ದವನು. 1828ರ ಹೊತ್ತಿಗೆ ಅವನ ಯಂತ್ರ ಹೊಲಕ್ಕಿಳಿಯಿತು. ಮುಂಭಾಗದ ಉದ್ದಕ್ಕೂ ಕತ್ತರಿಗಳ ಸಾಲು: ಕೆಳಗಿನ ಅಲಗುಗಳು ಸ್ಥಿರ, ಮೇಲಿನವು ಅತ್ತಿತ್ತ ಆಡುವಂಥವು. ಪೈರನ್ನು ಅಲಗಿನ ಮೇಲಕ್ಕೆ ಬಾಗಿಸಲು ತಿರುಗುವ ರೀಲು, ಬಿದ್ದದ್ದನ್ನು ಒಂದು ಪಕ್ಕಕ್ಕೆ ಸಾಗಿಸಲು ಓಡುವ ಕ್ಯಾನ್ವಾಸ್ ಪಟ್ಟಿ. ಎಡಗೈಯ ಮೊದಲ ಮೂರು ಕೆಲಸಗಳನ್ನೂ ಅವನು ಒಂದೇ ಏಟಿಗೆ ಕೈಗೆತ್ತಿಕೊಂಡಿದ್ದ. ಸ್ಕಾಟ್ಲೆಂಡಿನ ಕೃಷಿ ಸಂಸ್ಥೆಯಾದ ಹೈಲ್ಯಾಂಡ್ ಸೊಸೈಟಿ 50 ಪೌಂಡ್ ಬಹುಮಾನ ಕೊಟ್ಟಿತು. ಬೆಲ್ ಪೇಟೆಂಟ್ ತೆಗೆದುಕೊಳ್ಳಲಿಲ್ಲ. ತೊಡಕಿದ್ದದ್ದು ಎರಡು ಕಡೆ. ಒಂದೊಂದು ಕತ್ತರಿಗೂ ಒಂದೊಂದು ತಿರುಗಣೆ ಕೀಲು, ಪ್ರತಿಯೊಂದನ್ನೂ ಬಿಚ್ಚಿ ಸಾಣೆ ಹಿಡಿದು ಮತ್ತೆ ಹದಕ್ಕೆ ಬಿಗಿಯಬೇಕು. ಮತ್ತೆ, ಕುದುರೆಗಳು ಹಿಂದೆ ನಿಂತು ತಳ್ಳುವುದರಿಂದ ಪೈರು ತುಳಿತಕ್ಕೆ ಸಿಗುವುದಿಲ್ಲವಾದರೂ ಯಂತ್ರವನ್ನು ನೇರ ಸಾಲಿನಲ್ಲಿ ನಡೆಸುವುದು ಕಷ್ಟ.

ಅಮೆರಿಕದ ವರ್ಜೀನಿಯಾದಲ್ಲಿ ಸೈರಸ್ ಮೆಕಾರ್ಮಿಕ್ 1831ರಲ್ಲಿ ತೋರಿಸಿ 1834ರಲ್ಲಿ ಪೇಟೆಂಟ್ ಪಡೆದ ಯಂತ್ರ ಬೇರೆ ದಾರಿ ಹಿಡಿಯಿತು. ಅವನ ತಂದೆ ರಾಬರ್ಟ್ ವರ್ಷಗಟ್ಟಲೆ ಇದೇ ಪ್ರಯತ್ನ ಮಾಡಿ ಸೋತಿದ್ದ. ಯಂತ್ರ ಕಟ್ಟುವಾಗ ಆ ಮನೆತನದ ಗುಲಾಮಗಿರಿಯಲ್ಲಿದ್ದ ಜೋ ಆಂಡರ್ಸನ್‌ನ ದುಡಿಮೆ, ಕೌಶಲ ಎರಡೂ ಅದರಲ್ಲಿ ಸೇರಿದ್ದವು. ಪೇಟೆಂಟ್ ಕಾಗದದಲ್ಲಿ ಮಾತ್ರ ಒಬ್ಬನದೇ ಹೆಸರು. ಇಲ್ಲಿ ಕುದುರೆ ಮುಂದೆ, ಕೊಯ್ದ ಭಾಗದ ಮೇಲೆ ನಡೆಯುತ್ತದೆ. ಕತ್ತರಿಸುವ ಪಟ್ಟಿ ಬಲಕ್ಕೆ ಚಾಚಿಕೊಂಡು ನಿಂತ ಪೈರಿನೊಳಗೆ ಹೋಗುತ್ತದೆ. ಒಂದೇ ದೊಡ್ಡ ಗಾಲಿ ಭಾರವನ್ನೂ ಹೊತ್ತು, ಹಲ್ಲುಚಕ್ರಗಳ ಮೂಲಕ ಅಲಗನ್ನೂ ಆಡಿಸುತ್ತದೆ. ಅಂಚಿನಲ್ಲಿ ಒಂದು ಮೂತಿ ಕೊಯ್ಯಬೇಕಾದ ಪೈರನ್ನೂ ಉಳಿಯಬೇಕಾದದ್ದನ್ನೂ ಬೇರೆ ಮಾಡುತ್ತದೆ. ಈ ಮೂತಿಯೂ ಸೇರಿದಂತೆ ಕೆಲವು ಭಾಗಗಳ ವಿಚಾರಕ್ಕೆ ಮುಂದೆ ಜಾನ್ ಮ್ಯಾನಿ ಎಂಬ ತಯಾರಕನ ಮೇಲೆ ಮೆಕಾರ್ಮಿಕ್ ದಾವೆ ಹೂಡಿ ಸೋತ. ಮ್ಯಾನಿಯ ಪರ ನೇಮಕಗೊಂಡು, ವಾದಕ್ಕೆ ಅವಕಾಶ ಸಿಗದೆ ಕೂತಿದ್ದ ವಕೀಲರಲ್ಲಿ ಅಬ್ರಹಾಂ ಲಿಂಕನ್ ಒಬ್ಬರು.

ಮೆಕಾರ್ಮಿಕ್‌ನ ಅಲಗು ನೇರವಾದ ಉದ್ದ ಪಟ್ಟಿ, ಅಂಚಿಗೆ ಕುಡುಗೋಲಿನಂತೆ ಸಣ್ಣ ಹಲ್ಲು. ಹಲ್ಲುಗಳೆಲ್ಲ ಒಂದೇ ದಿಕ್ಕಿಗೆ ವಾಲಿದ್ದರೆ ಅತ್ತ ಹೋಗುವಾಗ ಕತ್ತರಿಸಿ ಇತ್ತ ಬರುವಾಗ ಬರೀ ಸವರುತ್ತದೆ. ಹಾಗಾಗಿ 1845ರ ಪೇಟೆಂಟಿನಲ್ಲಿ ಅವನು ಪಟ್ಟಿಯ ಒಂದು ತುಂಡಿನ ಹಲ್ಲುಗಳನ್ನು ಒಂದು ದಿಕ್ಕಿಗೂ ಮುಂದಿನ ತುಂಡಿನವನ್ನು ಎದುರು ದಿಕ್ಕಿಗೂ ತಿರುವಿದ.

ಕೊನೆಗೆ ಬಳಕೆಯಲ್ಲಿ ಉಳಿದದ್ದು ಮಾತ್ರ ಅಮೆರಿಕದವನೇ ಆದ ಓಬೆಡ್ ಹಸ್ಸಿಯ ಅಲಗು. 1833ರಲ್ಲಿ, ಮೆಕಾರ್ಮಿಕ್‌ಗಿಂತ ಮೊದಲೇ, ಅವನು ಪಡೆದ ಪೇಟೆಂಟಿನಲ್ಲಿ ಒಂದು ಉಕ್ಕಿನ ಪಟ್ಟಿಗೆ ತ್ರಿಕೋನದ ಬ್ಲೇಡುಗಳನ್ನು ಸಾಲಾಗಿ ರಿವೆಟ್ ಹೊಡೆದು ಕೂರಿಸಲಾಗಿತ್ತು. ಮುಂದಕ್ಕೆ ಚಾಚಿದ ಕಬ್ಬಿಣದ ಬೆರಳುಗಳ ಸೀಳಿನೊಳಗೆ ಈ ಬ್ಲೇಡುಗಳು ಅತ್ತಿತ್ತ ಓಡುತ್ತವೆ. ಬೆರಳು ದಂಟನ್ನು ಮೇಲೂ ಕೆಳಗೂ ಹಿಡಿಯುತ್ತದೆ, ಓರೆಯಾದ ಬ್ಲೇಡು ಅದನ್ನು ಬೆರಳಿನ ಅಂಚಿಗೆ ಒತ್ತಿ ಕತ್ತರಿಸುತ್ತದೆ. ಒಂದು ಬ್ಲೇಡು ಮುರಿದರೆ ಎರಡು ರಿವೆಟ್ ಕಿತ್ತು ಹೊಸದು ಹಾಕಿದರಾಯಿತು, ಪಟ್ಟಿಯೆಲ್ಲ ಎಸೆಯಬೇಕಿಲ್ಲ. ತೊಂದರೆ ಶುರುವಾದದ್ದು ಸೀಳಿನೊಳಗೆ. ಹಸಿ ಹುಲ್ಲು, ಕಳೆ, ಇಬ್ಬನಿಯಲ್ಲಿ ನೆನೆದ ಎಲೆಗಳ ಚೂರು ಬ್ಲೇಡಿನ ಜೊತೆ ಒಳಗೆ ಎಳೆದುಕೊಂಡು ಹಿಂಬದಿಯಲ್ಲಿ ಅಡಕವಾಗಿ, ಕೊನೆಗೆ ಪಟ್ಟಿಯೇ ಬಿಗಿದು ನಿಲ್ಲುತ್ತಿತ್ತು. ಹಸ್ಸಿ 1847ರಲ್ಲಿ ಮಾಡಿದ್ದು ಇಷ್ಟೇ: ಬೆರಳಿನ ಮೇಲ್ಭಾಗವನ್ನು ಹಿಂದುಗಡೆ ತೆರೆದುಬಿಟ್ಟ. ಒಳಗೆ ಸೇರಿದ ಕಸ ಬ್ಲೇಡಿನ ತಳ್ಳಾಟಕ್ಕೆ ತಾನೇ ಹಿಂದಿನಿಂದ ಮೇಲೆದ್ದು ಹೊರಬೀಳತೊಡಗಿತು. ಕೊಯ್ಲು ಯಂತ್ರದ ಕಥೆಯಲ್ಲಿ ಮೆಕಾರ್ಮಿಕ್ ಹೆಸರು ದೊಡ್ಡದು. ಆದರೆ ಹೊಲದಲ್ಲಿ ಯಂತ್ರ ನಿಲ್ಲದೆ ಓಡಿದ್ದಕ್ಕೆ ಈ ಒಂದು ಕಿಂಡಿಯ ಪಾಲು ದೊಡ್ಡದು ಎಂಬುದು ನಮ್ಮ ಎಣಿಕೆ.

ಈಗ ವೇಗದ ಲೆಕ್ಕ. ಬ್ಲೇಡುಗಳ ನಡುವಿನ ಅಂತರ 3 ಇಂಚು, ಅಂದರೆ 76 ಮಿಲಿಮೀಟರ್ ಎಂದಿಟ್ಟುಕೊಳ್ಳಿ. ಗಂಗಾವತಿ, ಸಿಂಧನೂರಿನ ಭತ್ತದ ಗದ್ದೆಗಿಳಿಯುವ ಕಂಬೈನುಗಳಲ್ಲೂ ಸಾಮಾನ್ಯವಾಗಿ ಇದೇ ಅಳತೆ. ನೆಲದ ಗಾಲಿಯ ಸುತ್ತಳತೆ ಎರಡೂವರೆ ಮೀಟರ್, ಗಾಲಿ ಒಂದು ಸುತ್ತು ಬಂದಾಗ ಅಲಗನ್ನು ಅತ್ತಿತ್ತ ಆಡಿಸುವ ಕ್ರ್ಯಾಂಕು 25 ಸುತ್ತು ತಿರುಗುತ್ತದೆ ಎಂದುಕೊಂಡರೆ, ಸುತ್ತಿಗೆ ಒಮ್ಮೆ ಅತ್ತ ಒಮ್ಮೆ ಇತ್ತ ಎಂದು ಅಲಗು 50 ಸಲ ದಾಟುತ್ತದೆ. ಒಂದೊಂದು ದಾಟಿಗೆ ಯಂತ್ರ 5 ಸೆಂಟಿಮೀಟರ್ ಮುಂದೆ ಸರಿದಿರುತ್ತದೆ. ಈ ದೂರ ಬ್ಲೇಡಿನ ಹರಿತ ಅಂಚಿನ ಉದ್ದದೊಳಗೇ ಇರಬೇಕು. ಹೆಚ್ಚಾದರೆ ನಡುವಿನ ದಂಟುಗಳು ಕತ್ತರಿಸಿಕೊಳ್ಳದೆ ಮುಂದಕ್ಕೆ ಬಾಗಿ, ಕೂಳೆ ಏರುಪೇರಾಗುತ್ತದೆ. ತೀರಾ ಕಡಿಮೆಯಾದರೆ ಒಂದೇ ದಂಟಿಗೆ ಎರಡೆರಡು ಏಟು, ಸುಮ್ಮನೆ ಸವೆತ, ಕುದುರೆಗೆ ದಂಡದ ಭಾರ.

ನೆಲದ ಗಾಲಿಯಿಂದಲೇ ಅಲಗು ಓಡುವುದರಲ್ಲಿ ಒಂದು ಹುಟ್ಟುದೋಷವಿದೆ. ಪೈರು ದಟ್ಟವಾದ ಕಡೆ ಕುದುರೆ ನಿಧಾನಿಸುತ್ತದೆ, ಅಲಗೂ ನಿಧಾನಿಸುತ್ತದೆ. ಹೆಚ್ಚು ಬಲ ಬೇಕಾದ ಗಳಿಗೆಯಲ್ಲೇ ಬಲ ಕುಗ್ಗಿ ಪಟ್ಟಿ ಕಚ್ಚಿಕೊಳ್ಳುತ್ತದೆ. ಆಗ ಕುದುರೆಯನ್ನು ಚಾವಟಿಯಿಂದ ಮುನ್ನುಗ್ಗಿಸಿದರೆ ಬೆರಳು ಮುರಿಯುತ್ತದೆ, ಇಲ್ಲವೆ ಅಲಗನ್ನು ಆಡಿಸುವ ಮರದ ರಾಡು ಸೀಳುತ್ತದೆ. ತಿಳಿದ ಚಾಲಕ ಯಂತ್ರವನ್ನು ಎರಡು ಮಾರು ಹಿಂದಕ್ಕೆ ತಳ್ಳಿಸಿ, ಕ್ಲಚ್ ಬಿಡಿಸಿ, ಪಟ್ಟಿಯ ಮುಂದೆ ನಿಲ್ಲದೆ ಹಿಂದಿನಿಂದ ಕಡ್ಡಿಯಲ್ಲಿ ಕಸ ತೆಗೆದು, ಪೈರಿಗೆ ತಾಗುವ ಮೊದಲೇ ಅಲಗು ವೇಗ ಹಿಡಿಯುವಂತೆ ಹೊರಡುತ್ತಿದ್ದ. ಗಾಲಿ ಜಾರದಿರಲು ಅದರ ಸುತ್ತ ಕಬ್ಬಿಣದ ಅಡ್ಡಪಟ್ಟಿಗಳು. ಒದ್ದೆ ನೆಲದಲ್ಲಿ ಅವುಗಳಿಗೂ ಮಣ್ಣು ಮೆತ್ತಿ ಗಾಲಿ ಉಜ್ಜಿಕೊಂಡು ಹೋಗುತ್ತಿತ್ತು.

ಹೊಂದಿಸುವ ಕೆಲಸದಲ್ಲಿ ಮೂರು ನೋಟ ಮುಖ್ಯ. ಒಂದು, ದಾಟಿನ ಕೊನೆಯಲ್ಲಿ ಪ್ರತಿ ಬ್ಲೇಡಿನ ನಡುಗೆರೆ ಬೆರಳಿನ ನಡುಗೆರೆಯ ಮೇಲೆ ಬಂದು ನಿಲ್ಲಬೇಕು. ರಾಡಿನ ತುದಿ ಸವೆದಿದ್ದರೆ ಒಂದು ಕಡೆ ಮೀರಿ ಇನ್ನೊಂದು ಕಡೆ ಕಡಿಮೆ ಬೀಳುತ್ತದೆ. ಎರಡು, ಬ್ಲೇಡು ಬೆರಳಿಗೆ ಕೂರಿಸಿದ ತಟ್ಟೆಗೆ ಒತ್ತಿಕೊಂಡೇ ಓಡಬೇಕು. ನಡುವೆ ಸಂದು ಬಿದ್ದರೆ ದಂಟು ಕತ್ತರಿಸದೆ ಮಡಚಿಕೊಂಡು ಸಂದಿಗೆ ಸೇರುತ್ತದೆ. ಪಟ್ಟಿಯನ್ನು ಅದುಮಿ ಹಿಡಿಯುವ ಒತ್ತುಕ್ಲಿಪ್ಪುಗಳನ್ನು ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ ತಗ್ಗಿಸಬೇಕು, ಆದರೆ ಕೈಯಲ್ಲಿ ಎಳೆದರೆ ಪಟ್ಟಿ ಸಲೀಸಾಗಿ ಜಾರುವಷ್ಟು. ಮೂರು, ಹುಲ್ಲು ಕೊಯ್ಯುವ ಯಂತ್ರಗಳಲ್ಲಿ ಪಟ್ಟಿಯ ಹೊರತುದಿ ಒಳತುದಿಗಿಂತ ಅಡಿಗೆ ಕಾಲಿಂಚಿನಂತೆ ಮುಂದಿರಬೇಕು. 5 ಅಡಿ ಪಟ್ಟಿಗೆ ಒಂದೂಕಾಲು ಇಂಚು. ಕೆಲಸಕ್ಕಿಳಿದಾಗ ಪೈರಿನ ತಡೆಗೆ ಹೊರತುದಿ ಹಿಂದಕ್ಕೆ ಸರಿದು ನೇರವಾಗುತ್ತದೆ. ಇನ್ನು ಬ್ಲೇಡಿನ ಅಂಚು: ಒಣಗಿದ ಗೋಧಿದಂಟು ಜಾರುವುದರಿಂದ ಹಲ್ಲಿನ ಅಂಚು, ಹಸಿ ಹುಲ್ಲಿನ ರಸ ಹಲ್ಲಿಗೆ ಮೆತ್ತುವುದರಿಂದ ಅದಕ್ಕೆ ನುಣುಪು ಅಂಚು.

ಇಷ್ಟಾದ ಮೇಲೂ ಕೊಯ್ದ ಪೈರು ಹಲಗೆಯ ಮೇಲೆ ಬಿದ್ದಿರುತ್ತದೆ, ತೆಗೆಯುವವರು ಬೇಕು. ಮೆಕಾರ್ಮಿಕ್‌ನ ಮೊದಲ ಯಂತ್ರದ ಪಕ್ಕದಲ್ಲಿ ಒಬ್ಬ ಆಳು ಹಲ್ಲುಕೋಲು ಹಿಡಿದು ನಡೆಯುತ್ತ ಪೈರನ್ನು ಪಕ್ಕಕ್ಕೆ ಎಳೆದು ಹಾಕುತ್ತಿದ್ದ. ಹಸ್ಸಿಯ ಯಂತ್ರದಲ್ಲಿ ಆಳು ಮೇಲೇ ಕೂತು ಹಿಂದಕ್ಕೆ ಎಳೆಯುತ್ತಿದ್ದ. ಹಿಂದೆ ಬಿದ್ದ ರಾಶಿ ಮುಂದಿನ ಸುತ್ತಿನ ದಾರಿಯಲ್ಲೇ ಇರುವುದರಿಂದ ಕುದುರೆ ತಿರುಗಿ ಬರುವುದರೊಳಗೆ ಅಷ್ಟನ್ನೂ ಕಟ್ಟಿ ಎತ್ತಲೇಬೇಕು. ಪಕ್ಕಕ್ಕೆ ಹಾಕಿದರೆ ಆ ಆತುರವಿಲ್ಲ. 1847ರಲ್ಲಿ ಮೆಕಾರ್ಮಿಕ್ ಕೂಡ ಆಳಿಗೆ ಪೀಠ ಕೊಟ್ಟ. ಅವನ ಭಾರಕ್ಕೆ ಯಂತ್ರ ಹಿಂದೆ ವಾಲದಿರಲು ಗಾಲಿಯನ್ನು ಹಿಂದಕ್ಕೂ ಹಲ್ಲುಚಕ್ರ, ಕ್ರ್ಯಾಂಕುಗಳನ್ನು ಗಾಲಿಯ ಮುಂದಕ್ಕೂ ಸರಿಸಬೇಕಾಯಿತು. ಒಂದು ಪೀಠಕ್ಕಾಗಿ ಇಡೀ ಚೌಕಟ್ಟು ಬದಲಾಯಿತು.

ಮುಂದಿನ ಹೆಜ್ಜೆ ಆ ಆಳನ್ನೂ ಇಳಿಸುವುದು. ಇಲಿನಾಯ್‌ನ ಜೇರಮ್ ಆಟ್ಕಿನ್ಸ್ 1852ರಲ್ಲಿ ಪೇಟೆಂಟ್ ಪಡೆದ ‘ಆಟೋಮೇಟನ್’ ಮನುಷ್ಯನ ತೋಳಿನಂತೆ ಚಾಚಿ, ಬಾಚಿ, ತಿರುಗಿ ರಾಶಿ ಹಾಕುತ್ತಿತ್ತು. ನೋಡಿದವರು ಬೆರಗಾದರು. ಆದರೆ 1856ರಲ್ಲಿ ಸರಿಯಾಗಿ ಒಣಗದ ಮರದಿಂದ ಮಾಡಿದ ಯಂತ್ರಗಳು ಮಾರುಕಟ್ಟೆಗೆ ಬಂದವು. ಬಿಸಿಲಿಗೆ ಮರ ಕುಗ್ಗಿ, ಸೊಟ್ಟಗಾಗಿ, ಕೀಲುಗಳು ಸಡಿಲಗೊಂಡವು. ಉಪಾಯ ಎಷ್ಟೇ ಚೆನ್ನಾಗಿರಲಿ, ಮರ ಹದವಾಗದಿದ್ದರೆ ಯಂತ್ರ ನಿಲ್ಲದು. ಅದೇ ವರ್ಷ ಮೇರಿಲ್ಯಾಂಡಿನ ಓವೆನ್ ಡಾರ್ಸಿ ಇನ್ನೂ ಸರಳ ದಾರಿ ಹುಡುಕಿದ: ರೀಲಿನ ತೋಳುಗಳೇ ಪೈರನ್ನು ಬಾಗಿಸಲಿ, ಅವೇ ಹಲಗೆಯ ಮೇಲೆ ಗುಡಿಸಿ ಪಕ್ಕಕ್ಕೆ ತಳ್ಳಲಿ. ಎರಡು ಯಂತ್ರಾಂಗಗಳ ಬದಲು ಒಂದು. ಬಾಳಿದ್ದು ಈ ಬಗೆಯೇ.

ಕೊಯ್ದು ರಾಶಿ ಹಾಕಿದ ಮೇಲೂ ಸಿವುಡು ಕಟ್ಟಲು ನಾಲ್ಕೈದು ಆಳು ಬಗ್ಗಿ ಬಗ್ಗಿ ಓಡಾಡಬೇಕಿತ್ತು. ಇಲಿನಾಯ್‌ನ ಮಾರ್ಷ್ ಸಹೋದರರು, ಚಾರ್ಲ್ಸ್ ಮತ್ತು ವಿಲಿಯಂ, 1858ರ ಪೇಟೆಂಟಿನಲ್ಲಿ ಪೈರನ್ನು ಕ್ಯಾನ್ವಾಸ್ ಪಟ್ಟಿಯ ಮೇಲೆ ದೊಡ್ಡ ಗಾಲಿಯಾಚೆಗೆ ಎತ್ತಿ, ಸೊಂಟದ ಎತ್ತರದ ಮೇಜಿಗೆ ತಂದರು. ಯಂತ್ರದ ಮೇಲೇ ನಿಂತ ಇಬ್ಬರು ಬಗ್ಗದೆ, ನಡೆಯದೆ ಕಟ್ಟತೊಡಗಿದರು. ಪೈರು ಒಂದು ನಿಗದಿತ ಜಾಗಕ್ಕೆ ತಾನೇ ಬಂದು ಸೇರುವಂತಾದ ಮೇಲೆ ಕಟ್ಟುವ ಯಂತ್ರವನ್ನು ಕೂರಿಸಲು ನೆಲೆ ಸಿಕ್ಕಿತು.

ಮೊದಲು ಬಂದದ್ದು ತಂತಿ. 1870ರ ದಶಕದಲ್ಲಿ ವಿದಿಂಗ್ಟನ್ ಎಂಬಾತ ರೂಪಿಸಿದ ಮಾದರಿಯ, ತಂತಿಯಲ್ಲಿ ಕಟ್ಟುವ ಯಂತ್ರಗಳನ್ನು ಮೆಕಾರ್ಮಿಕ್ ಕಂಪನಿಯೇ ಮಾರಿತು. ತಂತಿಯನ್ನು ತಿರುಚಿದರೆ ಸಾಕು, ಗಂಟಿನ ಗೋಜಿಲ್ಲ. ಆದರೆ ಒಕ್ಕಣೆಯಲ್ಲಿ ತುಂಡಾದ ತಂತಿ ಹುಲ್ಲಿನ ಜೊತೆ ದನದ ಹೊಟ್ಟೆ ಸೇರಿತು, ಕಾಳಿನ ಜೊತೆ ಹಿಟ್ಟಿನ ಗಿರಣಿಗೂ ಹೋಯಿತು. ರೈತರೂ ಗಿರಣಿಯವರೂ ತಿರುಗಿಬಿದ್ದರು.

ಹುರಿಯಲ್ಲಿ ಗಂಟು ಹಾಕುವ ಯಂತ್ರವನ್ನು ಪಳಗಿಸಿದವನು ವಿಸ್ಕಾನ್ಸಿನ್‌ನ ಜಾನ್ ಆಪಲ್‌ಬಿ. ಯಂತ್ರ ತಯಾರಕ ವಿಲಿಯಂ ಡೀರಿಂಗ್ 1880ರ ಸುಗ್ಗಿಗೆ ಅಂಥ ಸುಮಾರು 3,000 ಯಂತ್ರ ಮಾರುಕಟ್ಟೆಗಿಟ್ಟ. ಅದರ ಕೆಲಸ ಹೀಗೆ. ಪೈರನ್ನು ತುಂಬುವ ತೋಳುಗಳು ಅದನ್ನು ಒಂದು ತಡೆಗೋಲಿಗೆ ಒತ್ತುತ್ತ ಹೋಗುತ್ತವೆ. ಒತ್ತಡ ಹದಕ್ಕೆ ಬಂದಾಗ ತಡೆಗೋಲು ಸರಿದು ಗಂಟಿನ ಚಕ್ರಕ್ಕೆ ಚಾಲನೆ ಕೊಡುತ್ತದೆ. ಸಿವುಡಿನ ಗಾತ್ರ ತೀರ್ಮಾನವಾಗುವುದು ಈ ತಡೆಗೋಲನ್ನು ಹಿಡಿದಿಟ್ಟ ಸ್ಪ್ರಿಂಗಿನಿಂದಲೇ. ಕೆಳಗಿನಿಂದ ಬಾಗಿದ ಸೂಜಿ ಹುರಿಯನ್ನು ಸಿವುಡಿನ ಸುತ್ತ ತಂದು, ಮೊದಲ ತುದಿಯನ್ನು ಕಚ್ಚಿ ಹಿಡಿದಿದ್ದ ತಟ್ಟೆಯಲ್ಲೇ ಇರಿಸುತ್ತದೆ. ಹಕ್ಕಿಯ ಕೊಕ್ಕಿನಂಥ ಕೊಕ್ಕೆ ಎರಡೂ ಎಳೆಗಳನ್ನು ತನ್ನ ಮೇಲೆ ಸುತ್ತಿಕೊಂಡು ಒಂದು ಸುತ್ತು ತಿರುಗಿ, ಬಾಯಿ ತೆರೆದು ಎಳೆಗಳನ್ನು ಕಚ್ಚುತ್ತದೆ. ಚಾಕು ಹುರಿ ತುಂಡರಿಸುತ್ತದೆ. ಸಿವುಡನ್ನು ಹೊರತಳ್ಳುವ ತೋಳಿನ ಸೆಳೆತಕ್ಕೆ ಕೊಕ್ಕೆಯ ಮೇಲಿನ ಕುಣಿಕೆ ಜಾರಿ, ಕಚ್ಚಿದ ತುದಿಗಳ ಮೇಲೆ ಬಿಗಿಯುತ್ತದೆ.

ಕೆಡುವುದೂ ಈ ಸರಪಣಿಯಲ್ಲೇ. ಕೊಕ್ಕೆಯ ಸ್ಪ್ರಿಂಗ್ ಸಡಿಲವಾದರೆ ತುದಿಗಳು ಜಾರಿ ಗಂಟೇ ಬೀಳದು. ಬಿಗಿ ಹೆಚ್ಚಾದರೆ ಕುಣಿಕೆ ಬಿಡದೆ ಹುರಿ ಹರಿಯುತ್ತದೆ. ಗಂಟು ಒಂದು ತುದಿಗೆ ಮಾತ್ರ ಬಿದ್ದಿದ್ದರೆ ಸೂಜಿ ತಂದ ಎಳೆ ಕೊಕ್ಕೆಗೆ ಸಿಕ್ಕಿಲ್ಲ, ಇಲ್ಲವೆ ತಟ್ಟೆ ಅದನ್ನು ಹಿಡಿದಿಲ್ಲ ಎಂದರ್ಥ. ತುಕ್ಕು ಹಿಡಿದ ಕೊಕ್ಕೆ ಇವೆಲ್ಲವನ್ನೂ ಒಟ್ಟಿಗೆ ಮಾಡುತ್ತದೆ. ಅದಕ್ಕೇ ಸುಗ್ಗಿ ಮುಗಿದ ಕೂಡಲೇ ಕೊಕ್ಕೆಗೆ ಗ್ರೀಸು ಮೆತ್ತಿಡಬೇಕು. ಹುರಿಯೂ ಒಂದೇ ದಪ್ಪ ಇರಬೇಕು. ಪೌಂಡಿಗೆ 500 ಅಡಿ ಬರುವ ಸೈಸಲ್ (ಕತ್ತಾಳೆ ಜಾತಿಯ ನಾರು) ಹುರಿ ವಾಡಿಕೆಯಾಯಿತು. ಮಿಡತೆ, ಜೀರುಂಡೆಗಳು ಕಡಿಯದಿರಲೆಂದು ಅದಕ್ಕೆ ಎಣ್ಣೆ ಹಿಡಿಸುತ್ತಿದ್ದರು.

ಗಾಲಿಯ ಹುಟ್ಟುದೋಷ ಮಾತ್ರ ಹಾಗೇ ಉಳಿದಿತ್ತು. ಅಲಗು, ರೀಲು, ಕ್ಯಾನ್ವಾಸು, ಗಂಟು ಎಲ್ಲವೂ ಅದೇ ಒಂದು ಗಾಲಿಯ ಮೇಲೆ ಭಾರ ಹಾಕಿದ ಮೇಲೆ ಮೂರು ನಾಲ್ಕು ಕುದುರೆ ಬೇಕಾದವು, ಮಳೆ ಬಂದ ವರ್ಷ ಗಾಲಿ ಜಾರಿ ಕೆಲಸ ನಿಂತಿತು. ಕೆಲವು ರೈತರು 1910ರ ದಶಕದಲ್ಲಿ ಯಂತ್ರದ ಹಿಂಬದಿಗೆ ಸಣ್ಣ ಪೆಟ್ರೋಲ್ ಎಂಜಿನ್ ಕಟ್ಟಿದರು. ಕುದುರೆ ಎಳೆಯುವುದಷ್ಟಕ್ಕೆ, ಒಳಗಿನ ಚಲನೆಯೆಲ್ಲ ಎಂಜಿನ್ನಿನದು. 1918ರಲ್ಲಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿ ತನ್ನ ಟ್ರ್ಯಾಕ್ಟರಿನ ಹಿಂದೆ, ಎಳೆಯುವ ಯಂತ್ರಕ್ಕೆ ನೇರವಾಗಿ ಶಕ್ತಿ ಕೊಡುವ ತಿರುಗುದಂಡವನ್ನು ಇಟ್ಟಿತು. ಅಲ್ಲಿಂದ ಪೈರು ದಟ್ಟವಾದಲ್ಲಿ ಚಾಲಕ ನಡೆಯನ್ನು ತಗ್ಗಿಸಿಯೂ ಅಲಗಿನ ವೇಗವನ್ನು ಹಾಗೇ ಉಳಿಸಿಕೊಳ್ಳುವಂತಾಯಿತು.